ನಮ್ಮೂರ ಮಕ್ಕಳ ರೋಬೋಟ್ ತಂಡ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿ' ಎಂದು ಅಚ್ಚಾಗಿದೆ. ಅದು ಇಪ್ಪತ್ತು ನಿಮಿಷದಲ್ಲಿ ಮುಗಿಯುವ ವಿಷಯವಲ್ಲ. ಅದರ ಒಂದು ಸಣ್ಣ ಮೂಲೆಯನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಕಳೆದ ಎರಡು ವರ್ಷಗಳಿಂದ ಇದೇ ಶಾಲೆಯ ಏಳು ಮಕ್ಕಳು ಒಂದು ರೋಬೋಟ್ ತಂಡ ಕಟ್ಟಿಕೊಂಡಿದ್ದಾರೆ. ನಾನು ಬೆಂಗಳೂರಿನಿಂದ ಹದಿನೈದು ದಿನಕ್ಕೊಮ್ಮೆ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬರುತ್ತೇನೆ. ಬ್ಯಾನರಿನಲ್ಲಿ 'ಮಾರ್ಗದರ್ಶಕರು' ಎಂದು ಬರೆಸಿದ್ದಾರೆ. ಮಕ್ಕಳು ನನ್ನನ್ನು ಎಂಟನೆಯವನೆಂದು ಲೆಕ್ಕ ಹಾಕುತ್ತಾರೆ, ನನಗೆ ಅದೇ ಸರಿ ಅನ್ನಿಸುತ್ತದೆ.

ಮೊದಲಿಗೆ ಹಿರಿಯರಿಗೆ ಒಂದು ಮಾತು. ರೋಬೋಟ್ ಅಂದಕೂಡಲೇ ರಜನಿಕಾಂತ್ ಸಿನಿಮಾ ನೆನಪಿಗೆ ತಂದುಕೊಳ್ಳಬೇಡಿ. ನಮ್ಮದಕ್ಕೆ ಕೈಯಿಲ್ಲ, ಕಾಲಿಲ್ಲ, ಮಾತಿಲ್ಲ. ಊಟದ ಡಬ್ಬಿಯಷ್ಟು ಗಾತ್ರ. ಎರಡು ಸಣ್ಣ ಮೋಟರು, ಎರಡು ಗಾಲಿ, ಮುಂದೊಂದು ಉರುಳುವ ಗುಂಡು, ಕೆಳಗೆ ನೆಲ ನೋಡುವ ಐದು ಕಣ್ಣು, ಮೇಲೊಂದು ಆರ್ಡುಯಿನೋ ಬೋರ್ಡು. ಬಿಳಿಯ ಫ್ಲೆಕ್ಸಿನ ಮೇಲೆ ಕಪ್ಪು ಟೇಪಿನ ದಾರಿ ಅಂಟಿಸಿರುತ್ತಾರೆ. ಯಾರೂ ಮುಟ್ಟದೆ, ರಿಮೋಟು ಇಲ್ಲದೆ, ಆ ದಾರಿ ಹಿಡಿದು ತಾನೇ ಓಡಿ, ನಡುವೆ ಇಟ್ಟ ಕಟ್ಟಿಗೆಯ ತುಂಡನ್ನು ದೂಡಿ ಗುರಿ ಮುಟ್ಟಿಸಬೇಕು. ಗಡಿಯಾರ ಓಡುತ್ತಿರುತ್ತದೆ. ಸ್ಪರ್ಧೆಯ ತಿರುಳು ಇಷ್ಟೇ.

ಇಂಥ ಸ್ಪರ್ಧೆಗಳು ಈಗ ಲೋಕದ ತುಂಬ ಇವೆ. ಅಮೆರಿಕದಲ್ಲಿ ಡೀನ್ ಕಾಮೆನ್ ಎಂಬ ಸಂಶೋಧಕ 1989ರಲ್ಲಿ 'ಫಸ್ಟ್' ಎಂಬ ಸಂಸ್ಥೆ ಕಟ್ಟಿದ. ಆಟಗಾರರಿಗೆ ಸಿಗುವ ಚಪ್ಪಾಳೆ ವಿಜ್ಞಾನ ಕಲಿಯುವ ಮಕ್ಕಳಿಗೂ ಸಿಗಲಿ ಎಂಬುದು ಅವನ ಆಸೆ. 1992ರಲ್ಲಿ ಒಂದು ಹೈಸ್ಕೂಲಿನ ಆಟದ ಹಾಲಿನಲ್ಲಿ 28 ತಂಡಗಳಿಂದ ಸ್ಪರ್ಧೆ ಶುರುವಾಯಿತು. ಆ ಸಂಸ್ಥೆಯ ಸ್ಪರ್ಧೆಗಳಲ್ಲಿ ನನಗೆ ಹಿಡಿಸಿದ್ದು ಒಂದು ರೂಢಿ. ಈ ಸುತ್ತಿನಲ್ಲಿ ಎದುರಾಳಿಯಾದ ತಂಡ ಮುಂದಿನ ಸುತ್ತಿನಲ್ಲಿ ನಿಮ್ಮ ಜೊತೆಗಾರ ಆಗಬಹುದು. ಹಾಗಾಗಿ ಎದುರಿನವರ ರೋಬೋಟ್ ಕೆಟ್ಟರೆ ನಿಮ್ಮ ಸ್ಕ್ರೂಡ್ರೈವರ್ ಕೊಡುವುದು ಅಲ್ಲಿ ಸಾಮಾನ್ಯ.

ನಾನು ಈ ಹುಚ್ಚಿಗೆ ಬಿದ್ದದ್ದು ಬಿ.ಇ. ಓದುವಾಗ. ಇಂಜಿನಿಯರಿಂಗ್ ಕಾಲೇಜುಗಳಿಗೆ ರೋಬೋಕಾನ್ ಎಂಬ ಸ್ಪರ್ಧೆ ಇದೆ, ಏಷ್ಯಾ ಮಟ್ಟದ್ದು, 2002ರಲ್ಲಿ ಟೋಕಿಯೋದಲ್ಲಿ ಆರಂಭವಾದದ್ದು. ಪ್ರತಿ ವರ್ಷ ಯಾವ ದೇಶ ಆತಿಥ್ಯ ವಹಿಸುತ್ತದೋ ಆ ದೇಶ ತನ್ನ ಹಬ್ಬ, ಆಟ, ಪುರಾಣದಿಂದ ಒಂದು ವಿಷಯ ಆರಿಸಿ ನಿಯಮ ಮಾಡುತ್ತದೆ. 2008ರಲ್ಲಿ ಪುಣೆಯಲ್ಲಿ ನಡೆದಾಗ ಗೋವಿಂದರು ಬೆಣ್ಣೆಯ ಗಡಿಗೆಗೆ ಕೈಹಾಕುವ ಆಟ. 2010ರಲ್ಲಿ ಕೈರೋದಲ್ಲಿ ನಡೆದಾಗ ಪಿರಮಿಡ್ ಕಟ್ಟುವುದು. 2011ರಲ್ಲಿ ಬ್ಯಾಂಕಾಕಿನಲ್ಲಿ ನಡೆದಾಗ ನೀರಿನಲ್ಲಿ ದೀಪ ತೇಲಿಬಿಡುವ ಅವರ ಹಬ್ಬ. ನಮ್ಮ ಹಾವೇರಿ ಜಿಲ್ಲೆಗೆ ಆತಿಥ್ಯ ಸಿಕ್ಕರೆ ಯಾವ ವಿಷಯ ಇಡಬಹುದು ಎಂದು ಹಾಸ್ಟೆಲಿನಲ್ಲಿ ಗೆಳೆಯರು ಕೇಳುತ್ತಿದ್ದರು. ನಿಮಗೆಲ್ಲ ಗೊತ್ತೇ ಇದೆ ಉತ್ತರ. ಕೊಬ್ಬರಿ ಹೋರಿ!

ಈ ಮಾತು ಮಕ್ಕಳಿಗೆ ಹೇಳಿದ್ದೇ ತಡ, ಅವರು ಅದನ್ನು ಮಾಡಿಯೇಬಿಟ್ಟರು. ಒಂದು ರೋಬೋಟ್ ಹೋರಿ. ಅದರ ಬೆನ್ನಿಗೆ ದಾರದಲ್ಲಿ ಕಟ್ಟಿದ ಕೊಬ್ಬರಿ ಚೂರು, ಬಣ್ಣದ ರಿಬ್ಬನ್ನು, ಬಲೂನು. ಅದು ಕಪ್ಪು ಗೆರೆಯ ಮೇಲೆ ಓಡುತ್ತದೆ. ಇನ್ನೊಂದು ರೋಬೋಟ್ ಅಡ್ಡ ಬಂದು ಕೊಬ್ಬರಿ ಹರಿಯಬೇಕು. ಹರಿಯದಿದ್ದರೆ ಹೋರಿ ಗೆದ್ದಂತೆ. ಹೋರಿಗೆ ಹೆಸರು ಇಡದೆ ಓಡಿಸುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ಇದಕ್ಕೂ ಇಟ್ಟರು. ಆ ಹೆಸರು ಒಬ್ಬ ಗುರುಗಳ ಅಡ್ಡಹೆಸರು. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿರುವುದರಿಂದ ನಾನು ಹೇಳಲಾರೆ.

ಎರಡನೆಯ ವರ್ಷ ಈ ಆಟಕ್ಕೆ ಎದುರಾಳಿಗಳು ಬೇಕೆನಿಸಿತು. ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಒಂದೊಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪರಿಚಯದ ವಿಜ್ಞಾನ ಶಿಕ್ಷಕರಿದ್ದರು. ಅವರಿಗೆ ಒಂದೊಂದು ಸೆಟ್ ಸಾಮಾನು ಕಳಿಸಿದೆವು, ಹೀಗೇ ಕಟ್ಟಿ ಅಂತ ಹೇಳಲಿಲ್ಲ. ಒಂದು ಭಾನುವಾರ ಎಲ್ಲರೂ ಹಾನಗಲ್ಲಿನ ಬಸ್ಸು ಹಿಡಿದು ನಮ್ಮ ಶಾಲೆಗೆ ಬಂದರು. ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಬುದ್ಧಿ. ಸವಣೂರಿನವರು ಎಲೆ ಬುಟ್ಟಿ ಹೆಣೆಯುವ ಬಿದಿರಿನ ಸೀಳಿನಿಂದ ಚೌಕಟ್ಟು ಕಟ್ಟಿದ್ದರು, ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಚಂದ. ಹಿರೇಕೆರೂರಿನವರು ಗೋವಿನಜೋಳಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪಿನ ಮೋಟರು ಕಿತ್ತು ಹಾಕಿದ್ದರು. ಅದು ಗೆರೆ ಬಿಟ್ಟು, ಫ್ಲೆಕ್ಸು ಬಿಟ್ಟು, ಬಾಗಿಲು ದಾಟಿ ವರಾಂಡಕ್ಕೆ ಹೋಯಿತು. ಆ ಹೋರಿಯನ್ನು ಯಾರೂ ಹಿಡಿಯಲಿಲ್ಲ ನೋಡಿ, ನಿಯಮದ ಪ್ರಕಾರ ಅದೇ ಗೆದ್ದದ್ದು ಎಂದು ಅವರು ಸಂಜೆಯವರೆಗೂ ವಾದ ಮಾಡಿದರು. ಶಿಗ್ಗಾಂವಿಯ ತಂಡದಲ್ಲಿ ನಾಲ್ವರೂ ಹೆಣ್ಣುಮಕ್ಕಳು. ಕೊಬ್ಬರಿ ಹರಿದದ್ದು ಅವರೇ.

ಈಗ ಖರ್ಚಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ರೋಬೋಟಿಕ್ಸ್ ಅಂದರೆ ಲಕ್ಷಗಟ್ಟಲೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಕಂಪನಿಗಳ ಕಿಟ್ಟು ಕೊಂಡರೆ ಹೌದು. ನಮ್ಮ ಒಂದು ರೋಬೋಟಿಗೆ ಬೋರ್ಡು, ಎರಡು ಮೋಟರು, ಮೋಟರು ನಡೆಸುವ ಸಣ್ಣ ಬೋರ್ಡು, ಸೆನ್ಸರುಗಳು, ಬ್ಯಾಟರಿ ಎಲ್ಲ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಮುಗಿದಿದೆ. ಆರ್ಡುಯಿನೋ ಹುಟ್ಟಿದ್ದೇ ಇದಕ್ಕಾಗಿ. 2005ರ ಹೊತ್ತಿಗೆ ಇಟಲಿಯ ಇವ್ರೇಯಾ ಎಂಬ ಊರಿನಲ್ಲಿ ವಿನ್ಯಾಸ ಕಲಿಸುವ ಮೇಷ್ಟ್ರುಗಳು, ತಮ್ಮ ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆಯ ಬೋರ್ಡು ಬೇಕೆಂದು ಮಾಡಿದ್ದು ಅದು. ನಕ್ಷೆಯನ್ನು ಮುಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೇ ಯಾರು ಬೇಕಾದರೂ ಮಾಡಿ ಮಾರುತ್ತಾರೆ, ಅದಕ್ಕೇ ಅಗ್ಗ. ಹೆಸರು ಬಂದದ್ದು ಆ ಊರಿನ ಒಂದು ಬಾರಿನಿಂದ. ಇದನ್ನು ಮಕ್ಕಳಿಗೆ ಹೇಳಿಲ್ಲ, ಇವತ್ತು ಕೇಳಿಸಿಕೊಂಡರು.

ಚೌಕಟ್ಟಿಗೆ ಮುರಿದ ಸ್ಕೇಲು, ಪರೀಕ್ಷೆಯ ಪ್ಯಾಡು. ತಂತಿ ಬೆಸೆಯುವುದನ್ನು ಕಲಿಸಿದವರು ಬಸ್ ಸ್ಟ್ಯಾಂಡ್ ಹತ್ತಿರದ ಮೋಟರ್ ರಿವೈಂಡಿಂಗ್ ಅಂಗಡಿಯ ಕಾಕಾ. ಅವರು ಕಲಿತದ್ದು ಏಳನೆಯ ಇಯತ್ತೆ. ಸುಟ್ಟ ಪಂಪ್‌ಸೆಟ್ಟಿನ ಮೋಟರನ್ನು ಕಿವಿಗೊಟ್ಟು ಕೇಳಿ ಯಾವ ಸುತ್ತು ಹೋಗಿದೆ ಎಂದು ಹೇಳುವ ಮನುಷ್ಯ. ಮಕ್ಕಳ ಕೈಯಲ್ಲಿ ಮೊದಲ ದಿನ ಬೆಸುಗೆ ಕಡ್ಡಿ ಕೊಟ್ಟು, 'ಸುಟ್ಕೊಳ್ರಿ, ಒಮ್ಮೆ ಸುಟ್ಕೊಂಡ್ರ ಮತ್ತ ಸುಟ್ಕೊಳ್ಳಂಗಿಲ್ಲ' ಅಂದರು. ಬ್ಯಾಟರಿ ವಿಷಯದಲ್ಲಿ ಮಾತ್ರ ನಾನು ಹಾಗೆ ಹೇಳುವುದಿಲ್ಲ. ಹಳೆಯ ಲ್ಯಾಪ್‌ಟಾಪಿನಿಂದ ಲೀಥಿಯಂ ಸೆಲ್ಲು ಕೀಳುವ ವಿಡಿಯೋಗಳನ್ನು ನೋಡಿ ಯಾರೂ ಪ್ರಯೋಗ ಮಾಡಬೇಡಿ, ಬೆಂಕಿ ಹತ್ತುತ್ತದೆ. ಹೊಸ ಸೆಲ್ಲು, ಸರಿಯಾದ ಚಾರ್ಜರು, ಇದರಲ್ಲಿ ಉಳಿತಾಯ ಬೇಡ.

ದುಡ್ಡಿಗಿಂತ ದೊಡ್ಡ ತೊಡಕು ಕೀಲಿ. ಗುರುಗಳು ಬೇಸರ ಮಾಡಿಕೊಳ್ಳಬಾರದು. ಸರ್ಕಾರಿ ಶಾಲೆಗೆ ಬಂದ ಬೆಲೆಬಾಳುವ ಸಾಮಾನು ಡೆಡ್ ಸ್ಟಾಕ್ ರಿಜಿಸ್ಟರಿಗೆ ಏರುತ್ತದೆ. ಒಡೆದರೆ ಉತ್ತರ ಕೊಡಬೇಕಾದವರು ಶಿಕ್ಷಕರು, ವರ್ಗವಾದಾಗ ಚಾರ್ಜು ಕೊಡುವಾಗ ಎಣಿಸಿ ಕೊಡಬೇಕು. ಆದ್ದರಿಂದ ಅದು ಕಪಾಟಿನಲ್ಲಿ ಭದ್ರವಾಗಿ ಇರುತ್ತದೆ. ಇದು ಯಾರ ಸೋಮಾರಿತನವೂ ಅಲ್ಲ, ಲೆಕ್ಕಪತ್ರದ ಹೆದರಿಕೆ. ಆದರೆ ರೋಬೋಟ್ ತಂಡ ಎಂದರೆ ಒಡೆಯುವುದೇ ಕೆಲಸ. ಮೊದಲ ತಿಂಗಳಲ್ಲೇ ನಾವು ಮೂರು ಮೋಟರು, ಒಂದು ಬೋರ್ಡು ಸುಟ್ಟೆವು. ಇದಕ್ಕೆ ದಾರಿ ಕಂಡುಹಿಡಿದವರು ನಮ್ಮ ವಿಜ್ಞಾನ ಟೀಚರ್. ಹಳೆಯ ವಿದ್ಯಾರ್ಥಿಗಳು ಕೊಟ್ಟದ್ದನ್ನು ಪ್ರಯೋಗಾಲಯದ ಆಸಿಡ್ಡು, ಲಿಟ್ಮಸ್ ಕಾಗದದ ಸಾಲಿನಲ್ಲಿ, ಬಳಸಿ ಮುಗಿಯುವ ಸಾಮಾನು ಎಂದು ಬರೆದುಕೊಂಡರು. ಆ ಒಂದು ಸಾಲು ಬರೆದ ದಿನವೇ ನಮ್ಮ ತಂಡ ಹುಟ್ಟಿದ್ದು ಎಂದು ನಾನು ತಿಳಿದಿದ್ದೇನೆ.

ಇನ್ನು ಸಮಯ. ಸಂಜೆ ಶಾಲೆ ಬಿಟ್ಟ ಮೇಲೆ ಅಭ್ಯಾಸ ಎಂದು ಇಟ್ಟುಕೊಂಡಿದ್ದರೆ ತಂಡದಲ್ಲಿ ಹುಡುಗರಷ್ಟೇ ಉಳಿಯುತ್ತಿದ್ದರು. ಹೆಣ್ಣುಮಕ್ಕಳಿಗೆ ಸಂಜೆ ಬಸ್ಸು ತಪ್ಪಿದರೆ ಮತ್ತೊಂದಿಲ್ಲ, ಮನೆಯಲ್ಲಿ ಎಮ್ಮೆ ಹಿಂಡುವ ಹೊತ್ತು ಬೇರೆ. ಟೀಚರ್ ಬೆಳಿಗ್ಗೆ ಎಂಟಕ್ಕೆ ಕೋಣೆ ತೆರೆಯಲು ಒಪ್ಪಿದರು. ಮೂವರು ಹುಡುಗಿಯರು ಬಂದರು. ಅವರಲ್ಲಿ ಒಬ್ಬಳ ಅವ್ವ ಒಮ್ಮೆ ಶಾಲೆಗೇ ಬಂದು, 'ಸರ್, ಹತ್ತನೇತ್ತ ಐತ್ರೀ ಈ ವರ್ಷ. ಇದಕ್ಕ ಮಾರ್ಕ್ಸ್ ಏನರ ಕೊಡ್ತಾರೇನ್ರೀ?' ಎಂದು ಕೇಳಿದರು. ಇಲ್ಲ ತಾಯೀ, ಒಂದೂ ಕೊಡುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ನಿಂತು ಫ್ಲೆಕ್ಸಿನ ಮೇಲೆ ಮಗಳು ಏನು ಮಾಡುತ್ತಿದ್ದಾಳೆ ನೋಡಿದರು. 'ಮಾರ್ಚ್ ತಿಂಗಳದಾಗ ಬಿಡಸ್ರಿ ಮತ್ತ' ಅಂದು ಹೋದರು.

ಆ ಹುಡುಗಿಯ ಬಗ್ಗೆ ಹೇಳಲೇಬೇಕು. ಹೆಸರು ಹೇಳುವುದಿಲ್ಲ, ನಾಚಿಕೊಳ್ಳುತ್ತಾಳೆ. ಗೆರೆ ಹಿಡಿದು ಓಡುವ ರೋಬೋಟಿನ ಕಷ್ಟ ಏನೆಂದರೆ, ಅದು ಕುಡಿದವನ ಹಾಗೆ ಓಲಾಡುತ್ತದೆ. ಕಪ್ಪು ಬಣ್ಣ ಬೆಳಕನ್ನು ಹೀರುತ್ತದೆ, ಬಿಳಿ ಹಿಂದಕ್ಕೆ ಕಳಿಸುತ್ತದೆ, ಅದರಿಂದ ಸೆನ್ಸರಿಗೆ ಗೆರೆ ಎಲ್ಲಿದೆ ಎಂದು ತಿಳಿಯುತ್ತದೆ. ಎಡಕ್ಕೆ ತಪ್ಪಿದರೆ ಬಲಕ್ಕೆ ತಿರುಗು, ಬಲಕ್ಕೆ ತಪ್ಪಿದರೆ ಎಡಕ್ಕೆ ತಿರುಗು ಎಂದು ಬರೆದರೆ ಸಾಕು, ಓಡುತ್ತದೆ. ಆದರೆ ಪ್ರತಿ ಸಲ ಪೂರ್ತಿ ತಿರುಗಿ ಆ ಕಡೆ ಬೀಳುತ್ತದೆ, ಮತ್ತೆ ಈ ಕಡೆ. ವೇಗ ಹೆಚ್ಚಿಸಿದರೆ ಗೆರೆಯೇ ತಪ್ಪಿಹೋಗುತ್ತದೆ. ಇದಕ್ಕೆ ನಾವು ಕಾಲೇಜಿನಲ್ಲಿ ಪಿಐಡಿ ಎಂಬ ನಿಯಂತ್ರಣ ಕ್ರಮ ಕಲಿಯುತ್ತೇವೆ, ಒಂದು ಸೆಮಿಸ್ಟರಿನ ಪಾಠ. ನಾನು ಬೋರ್ಡಿನ ಮೇಲೆ ಸೂತ್ರ ಬರೆಯಲು ಸೀಮೆಸುಣ್ಣ ತೆಗೆದುಕೊಳ್ಳುವಷ್ಟರಲ್ಲಿ ಅವಳು ಎದ್ದು ನಿಂತಳು. 'ಸರ್, ಎಡೆಕುಂಟಿ ಹೊಡದಂಗ ಮಾಡೂಣ್ರೀ. ಎತ್ತು ಒಂದೀಟ ವಾಲಿದ್ರ ಒಂದೀಟ ಹಗ್ಗ ಜಗ್ಗಬೇಕು, ಭಾಳ ವಾಲಿದ್ರ ಭಾಳ ಜಗ್ಗಬೇಕು. ಸಾಲಿಗೆ ಬರಾಕತ್ತೇತಿ ಅನ್ನೂದ್ರಾಗ ಸಡ್ಲ ಬಿಡಬೇಕ್ರೀ, ಇಲ್ಲಾಂದ್ರ ಆ ಕಡೆ ಬೆಳಿ ತುಳೀತೈತಿ.'

ಇಲ್ಲಿರುವ ಒಕ್ಕಲಿಗ ಹಿರಿಯರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನನಗೆ ಮೈ ಜುಮ್ಮೆಂದಿತು. ತಪ್ಪು ಎಷ್ಟಿದೆಯೋ ಅಷ್ಟೇ ತಿದ್ದು ಎಂಬುದು ಆ ಸೂತ್ರದ ಮೊದಲ ಭಾಗ, ತಪ್ಪು ಕಡಿಮೆಯಾಗುತ್ತಿರುವ ವೇಗ ನೋಡಿ ಕೈ ಸಡಿಲಿಸು ಎಂಬುದು ಇನ್ನೊಂದು ಭಾಗ. ಅಪ್ಪನ ಜೊತೆ ಗೋವಿನಜೋಳದ ಹೊಲದಲ್ಲಿ ಎಡೆ ಹೊಡೆದ ಹುಡುಗಿಯ ಕೈಗೆ ಅದು ಆಗಲೇ ಗೊತ್ತಿತ್ತು. ಅದನ್ನು ಕೋಡಿಗೆ ಇಳಿಸಲು ಅವಳಿಗೆ ಬೇಕಾದದ್ದು ನಾಲ್ಕು ಸಾಲಿನ ಸಹಾಯ. ಮೋಟರಿಗೆ ಕೊಡುವ ಸಂಖ್ಯೆಗೆ ಅವಳು ಪ್ರೋಗ್ರಾಮಿನಲ್ಲಿ ಇಟ್ಟ ಹೆಸರು 'ಹಗ್ಗ'. ನಾನು ಅದನ್ನು ಬದಲಿಸಿಲ್ಲ, ಈಗಲೂ ಹಾಗೇ ಇದೆ.

ಮೊದಲ ಸ್ಪರ್ಧೆಗೆ ಹುಬ್ಬಳ್ಳಿಗೆ ಹೋದೆವು. ನಡೆಸಿದವರ ಹೆಸರು ಬೇಡ. ಇಪ್ಪತ್ತೆರಡು ತಂಡ, ಸರ್ಕಾರಿ ಶಾಲೆ ನಮ್ಮದೊಂದೇ. ಉಳಿದವರಿಗೆ ಸಮವಸ್ತ್ರದ ಟೀ ಶರ್ಟು, ಗಾಲಿ ಇರುವ ಸೂಟ್‌ಕೇಸಿನಲ್ಲಿ ಕಿಟ್ಟು. ನಮ್ಮದು ಬೆಲ್ಲದ ರಟ್ಟಿನ ಪೆಟ್ಟಿಗೆ. ತೀರ್ಪುಗಾರರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ನಮ್ಮ ಮಕ್ಕಳಿಗೆ ಪ್ರಶ್ನೆ ಅರ್ಥವಾಯಿತು, ಉತ್ತರ ಕನ್ನಡದಲ್ಲಿ ಹೇಳಿದರು, ಅದನ್ನು ಒಬ್ಬ ತೀರ್ಪುಗಾರರು ಬರೆದುಕೊಂಡರು, ಇನ್ನೊಬ್ಬರು ಪೆನ್ನು ಕೆಳಗಿಟ್ಟರು. ಅದು ಹಾಗಿರಲಿ.

ಅಲ್ಲಿ ಆದ ನಿಜವಾದ ಕಷ್ಟ ಬೇರೆ. ಮೊದಲ ಓಟದಲ್ಲಿ ನಮ್ಮ ರೋಬೋಟ್ ಮೂರು ಅಡಿ ಹೋಗಿ ಗಿರಗಿರನೆ ಸುತ್ತತೊಡಗಿತು. ಶಾಲೆಯ ಕೋಣೆಯಲ್ಲಿ ನೂರು ಸಲ ಓಡಿದ್ದು! ಏಳು ಮಕ್ಕಳ ಮುಖ ನೋಡಲಾಗಲಿಲ್ಲ. ಎರಡನೆಯ ಓಟಕ್ಕೆ ನಲವತ್ತು ನಿಮಿಷ ಇತ್ತು. ಅತ್ತದ್ದು ಒಬ್ಬನೇ, ಎಂಟನೆಯ ತರಗತಿಯ ಸಣ್ಣವ. ಉಳಿದವರು ಗಾಲಿ ನೋಡಿದರು, ತಂತಿ ನೋಡಿದರು, ಬ್ಯಾಟರಿ ಅಳೆದರು, ಎಲ್ಲ ಸರಿ. ಆಮೇಲೆ ಆ ಅಳುತ್ತಿದ್ದ ಹುಡುಗನೇ ಹೇಳಿದ, ಕಿಟಕಿ ಹತ್ತಿರ ಬಂದಾಗ ಮಾತ್ರ ತಿರುಗುತ್ತದೆ ಅಂತ. ಹನ್ನೊಂದರ ಬಿಸಿಲು ಫ್ಲೆಕ್ಸಿನ ಮೇಲೆ ಬಿದ್ದಿತ್ತು. ನಮ್ಮ ಸೆನ್ಸರು ನೋಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು, ಬಿಸಿಲಿನಲ್ಲಿ ಅದು ಧಾರಾಳವಾಗಿದೆ. ಕಪ್ಪು ಯಾವುದು ಬಿಳಿ ಯಾವುದು ಅದಕ್ಕೆ ತಿಳಿಯುತ್ತಿರಲಿಲ್ಲ. ಹೊರಗೆ ಪಂಕ್ಚರ್ ಅಂಗಡಿಗೆ ಓಡಿ ಸೈಕಲ್ ಟ್ಯೂಬಿನ ತುಂಡು ತಂದು, ಬಳೆಯ ಹಾಗೆ ಕತ್ತರಿಸಿ, ಒಂದೊಂದು ಕಣ್ಣಿಗೂ ಕಪ್ಪು ಕೊಳವೆ ತೊಡಿಸಿದರು. ಎರಡನೆಯ ಓಟ ಪೂರ್ತಿಯಾಯಿತು. ನಮಗೆ ಬಂದದ್ದು ಹದಿನಾಲ್ಕನೆಯ ಸ್ಥಾನ. ಮರುವರ್ಷ ಅವರು ಪ್ರತಿ ಓಟಕ್ಕೆ ಮುಂಚೆ ರೋಬೋಟಿಗೆ ಅಲ್ಲಿನ ಬಿಳಿ, ಅಲ್ಲಿನ ಕಪ್ಪು ತೋರಿಸಿ ತಾನೇ ಅಂದಾಜು ಮಾಡಿಕೊಳ್ಳುವ ಹಾಗೆ ಬರೆದರು. ಆಗ ನಾಲ್ಕನೆಯ ಸ್ಥಾನ.

ಹುಬ್ಬಳ್ಳಿಯಿಂದ ಹಿಂದೆ ಬರುವಾಗ ಬಸ್ಸಿನಲ್ಲಿ ಮಕ್ಕಳಿಗೆ ಒಂದು ನಿಜವಾದ ಕಥೆ ಹೇಳಿದೆ, ನಿಮಗೂ ಹೇಳುತ್ತೇನೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಕಾರ್ಲ್ ಹೇಡನ್ ಎಂಬ ಸರ್ಕಾರಿ ಹೈಸ್ಕೂಲು. ಬಡವರ ಓಣಿಯ ಶಾಲೆ. ನಾಲ್ವರು ಹುಡುಗರು, ಮೆಕ್ಸಿಕೋದಿಂದ ಕಾಗದಪತ್ರವಿಲ್ಲದೆ ಬಂದ ಮನೆಗಳವರು. 2004ರಲ್ಲಿ ನೀರಿನೊಳಗೆ ಇಳಿಯುವ ರೋಬೋಟ್ ಸ್ಪರ್ಧೆಗೆ ಇಬ್ಬರು ಮೇಷ್ಟ್ರುಗಳು ಅವರನ್ನು ಕರೆದೊಯ್ದರು. ಹೈಸ್ಕೂಲಿನವರ ಎದುರು ಸೋಲುವುದಕ್ಕಿಂತ ದೊಡ್ಡ ಕಾಲೇಜುಗಳ ಎದುರು ಸೋತರೆ ಅವಮಾನ ಕಡಿಮೆ ಎಂದು ಕಾಲೇಜು ವಿಭಾಗದಲ್ಲೇ ಹೆಸರು ಕೊಟ್ಟರು. ಅವರ ರೋಬೋಟ್ ನಲ್ಲಿಯ ಪಿವಿಸಿ ಪೈಪಿನದು, ಅಂಟಿನ ವಾಸನೆಯಿಂದ ಅದಕ್ಕೆ 'ಸ್ಟಿಂಕಿ' ಎಂದು ಹೆಸರು. ನೀರಿಗೆ ಬಿಟ್ಟಾಗ ಎಲೆಕ್ಟ್ರಾನಿಕ್ಸ್ ಇಟ್ಟ ಡಬ್ಬಿ ಸೋರಿತು. ಸೋರಿದ ನೀರು ಹೀರಲು ಏನು ಮಾಡುವುದು? ಹೆಂಗಸರು ತಿಂಗಳ ದಿನಗಳಲ್ಲಿ ಬಳಸುವ ಟ್ಯಾಂಪೂನು ತುಂಬಿದರು. ಅಂಗಡಿಗೆ ಹೋದ ಹುಡುಗ ನಾಚಿಕೊಂಡು ಅಲ್ಲಿದ್ದ ಒಬ್ಬ ಹೆಣ್ಣುಮಗಳ ಸಹಾಯ ಕೇಳಿದನಂತೆ. ಬಸ್ಸಿನಲ್ಲಿ ಇದನ್ನು ಕೇಳಿ ನಮ್ಮ ಹುಡುಗರು ಕಿಟಕಿ ನೋಡಿದರು, ಹುಡುಗಿಯರು ನಕ್ಕರು. ಆ ಸ್ಪರ್ಧೆಯಲ್ಲಿ ಆ ನಾಲ್ವರು ಮೊದಲ ಸ್ಥಾನ ಪಡೆದರು, ಜಗತ್ಪ್ರಸಿದ್ಧ ಎಂಐಟಿ ಎರಡನೆಯದು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚಂದ. ಆದರೆ ಮುಂದಿನದನ್ನೂ ಹೇಳಬೇಕು. ಗೆದ್ದ ಮೇಲೂ ಅವರ ಬಳಿ ಕಾಗದಪತ್ರ ಇರಲಿಲ್ಲ. ಒಬ್ಬ ಕಾಲೇಜು ಸೇರಿ, ರಾಜ್ಯದ ಕಾನೂನು ಬದಲಾಗಿ ಶುಲ್ಕ ಏರಿದಾಗ ಅರ್ಧಕ್ಕೆ ಬಿಟ್ಟ. ಇಬ್ಬರು ಅಡುಗೆಯ ಕೆಲಸ ಹಿಡಿದರು. ಒಬ್ಬ, ಆಸ್ಕರ್ ವಾಸ್ಕೆಜ್, ಇಂಜಿನಿಯರಿಂಗ್ ಮುಗಿಸಿ, ತಾನಾಗಿ ಮೆಕ್ಸಿಕೋಗೆ ಮರಳಿ, ಪರವಾನಗಿ ಪಡೆದು ವಾಪಸು ಬಂದು ಸೈನ್ಯ ಸೇರಿದ. ಹಾಗಾಗಿ ರೋಬೋಟ್ ತಂಡಕ್ಕೆ ಸೇರಿದರೆ ಐಟಿ ನೌಕರಿ ಗ್ಯಾರಂಟಿ ಎಂದು ನಾನು ಯಾವ ತಂದೆತಾಯಿಗೂ ಹೇಳುವುದಿಲ್ಲ. ಹಾಗೆ ಹೇಳಿ ಫೀ ವಸೂಲು ಮಾಡುವ ಕೋಚಿಂಗಿನವರು ಈಗ ಪೇಟೆಗಳಲ್ಲಿ ಬೇಕಾದಷ್ಟು ಇದ್ದಾರೆ.

ಮತ್ತೆ ಏನು ಸಿಗುತ್ತದೆ ಎಂದು ಕೇಳಿದರೆ, ಅಫಘಾನಿಸ್ತಾನದ ಹೆರಾತ್ ಊರಿನ ಹುಡುಗಿಯರನ್ನು ತೋರಿಸುತ್ತೇನೆ. 2017ರಲ್ಲಿ ವಾಷಿಂಗ್ಟನ್ನಿನ ರೋಬೋಟ್ ಸ್ಪರ್ಧೆಗೆ ಹೊರಟಾಗ ಎರಡು ಸಲ ವೀಸಾ ನಿರಾಕರಿಸಿದರು, ಕೊನೆಗೂ ಹೋಗಿ ಧೈರ್ಯಕ್ಕಾಗಿ ಬೆಳ್ಳಿ ಪದಕ ತಂದರು. 2020ರಲ್ಲಿ ಕೊರೊನಾ ಬಂದಾಗ ಅದೇ ತಂಡದವರು ಟೊಯೋಟ ಕೊರೊಲಾ ಕಾರಿನ ಬಿಡಿಭಾಗಗಳಿಂದ ಅಗ್ಗದ ವೆಂಟಿಲೇಟರ್ ಮಾಡಲು ಕೂತರು. ಊರಿಗೆ ಕಷ್ಟ ಬಂದಾಗ ಗುಜರಿ ಅಂಗಡಿಗೆ ಹೋಗಿ ಕೂರುವ ಧೈರ್ಯ ಅವರಿಗೆ ಆ ಅಭ್ಯಾಸದಿಂದ ಬಂದದ್ದು.

ಕೇಂದ್ರ ಸರ್ಕಾರ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಎಂಬ ಯೋಜನೆ ನಡೆಸುತ್ತಿದೆ. 6ರಿಂದ 12ನೆಯ ತರಗತಿಯ ಮಕ್ಕಳಿಗೆ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ. ಹತ್ತು ಸಾವಿರ ಶಾಲೆಗಳಲ್ಲಿ ಆಗಿದೆ. 2025ರ ಬಜೆಟ್ಟಿನಲ್ಲಿ ಮುಂದಿನ 5 ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50 ಸಾವಿರ ಎಂದು ಘೋಷಿಸಿದ್ದಾರೆ. ನಮ್ಮ ನಾಲ್ಕು ತಾಲ್ಲೂಕುಗಳ ಶಾಲೆಗಳೂ ಕೇಳಬೇಕು, ಮುಖ್ಯೋಪಾಧ್ಯಾಯರ ಜೊತೆ ಕೂತು ಅರ್ಜಿ ತುಂಬಲು ನಾನು ಸಿದ್ಧ. ಆದರೆ ಅದು ಬರುವವರೆಗೆ ಕಾಯುವುದು ಬೇಡ. ಈಗ ಹತ್ತನೆಯ ತರಗತಿಯಲ್ಲಿ ಇರುವವರು ಅಷ್ಟರಲ್ಲಿ ಶಾಲೆ ಬಿಟ್ಟಿರುತ್ತಾರೆ.

ಇಲ್ಲಿ ಒಂದು ಕಠಿಣ ಮಾತು. ಸುವರ್ಣ ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣದಿಂದ ಶಾಲೆಯ ಮುಂದೆ ಸ್ವಾಗತ ಕಮಾನು ಕಟ್ಟಿಸಬೇಕೆಂದು ಸಮಿತಿಯಲ್ಲಿ ಮಾತು ನಡೆದಿದೆ. ನಾನೂ ಚಂದಾ ಕೊಟ್ಟವನು, ಆದ್ದರಿಂದ ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ. ಕಮಾನು ಬೇಡವೆಂದಲ್ಲ. ನಮ್ಮ ಹೆಸರು ಕಲ್ಲಿನಲ್ಲಿ ನೋಡುವ ಆಸೆ ನನಗೂ ಇದೆ. ಆದರೆ ಹಿಂದಿನ ಸಾಲಿನ ಹಳೆಯ ಗ್ರಂಥಾಲಯ ಕೋಣೆಯ ಹಂಚು ಸೋರುತ್ತದೆ, ಅಲ್ಲಿ ಒಂದೇ ಪ್ಲಗ್ ಪಾಯಿಂಟು, ಕರೆಂಟು ಹೋದರೆ ಅಂದಿನ ಕೆಲಸ ಮುಗಿಯಿತು. ಹಂಚು ಕೈಯಾಡಿಸಿ, ಹತ್ತು ಪ್ಲಗ್ ಪಾಯಿಂಟು, ಒಂದು ಇನ್ವರ್ಟರು, ಎರಡು ಉದ್ದನೆಯ ಮೇಜು, ವರ್ಷಕ್ಕೆ ಇಪ್ಪತ್ತು ಸಾವಿರದಷ್ಟು ಸುಟ್ಟು ಹಾಳುಮಾಡಲು ಸಾಮಾನು. ಇಷ್ಟು ಮೊದಲು ಆಗಲಿ. ಕಮಾನು ಕಟ್ಟುವವರು ಇನ್ನೊಂದು ಐವತ್ತು ವರ್ಷದಲ್ಲಿ ಯಾವಾಗಲಾದರೂ ಕಟ್ಟಬಹುದು.

ಇನ್ನೂ ಎರಡು ಬೇಡಿಕೆ. ನಮ್ಮ ವಿಜ್ಞಾನ ಟೀಚರ್‌ಗೆ ಇಂದಲ್ಲ ನಾಳೆ ವರ್ಗವಾಗುತ್ತದೆ. ಆಗ ತಂಡ ನಿಲ್ಲಬಾರದು ಎಂದರೆ ಊರಿನಲ್ಲೇ ಇರುವ ಇಬ್ಬರು ಬೆಳಿಗ್ಗೆ ಎಂಟಕ್ಕೆ ಬಂದು ಕೂರಬೇಕು. ಐಟಿಐ, ಡಿಪ್ಲೊಮಾ ಮುಗಿಸಿ ಊರಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಯಾರಾದರೂ ಊಟದ ಹೊತ್ತಿನಲ್ಲಿ ನನಗೆ ಸಿಗಿ. ಎರಡನೆಯದು, ಮನೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಲ್ಯಾಪ್‌ಟಾಪ್ ಇದ್ದವರು ಕೊಡಿ. ಪರದೆ ಒಡೆದಿದ್ದರೂ ನಡೆಯುತ್ತದೆ, ರಿಪೇರಿ ಮಾಡುವ ಹುಡುಗ ಒಂಬತ್ತನೆಯ ತರಗತಿಯಲ್ಲಿ ಇದ್ದಾನೆ.

ಹೋರಿ ಆಟವನ್ನು ಎಂಟನೆಯ ತರಗತಿಯ ಕೋಣೆಯಲ್ಲಿ ಇಟ್ಟಿದ್ದಾರೆ. ಇವತ್ತು ಸವಣೂರಿನ ಬಿದಿರು ಹೋರಿಯೂ ಬಂದಿದೆ. ಹಿರೇಕೆರೂರಿನವರು ಹೊಸ ಮೋಟರು ಹಾಕಿದ್ದಾರಂತೆ, ಬಾಗಿಲ ಹತ್ತಿರ ಯಾರೂ ನಿಲ್ಲಬೇಡಿ.